ಬಯಲುಸೀಮೆಯ ನಿಸರ್ಗದೃಶ್ಯ ತೆಗೆಯುವುದು ಹೇಗೆ? ದುರ್ಗದ ಬಂಡೆ, ದಾವಣಗೆರೆಯ ಗದ್ದೆ ಮತ್ತು ನಮ್ಮ ಸೀಮೆಯ ಬೆಳಕು

ಆನಗೋಡು ದಾರಿಹೋಕ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು 18–55 ಎಂ.ಎಂ. ಕಿಟ್ ಲೆನ್ಸಿನ (ಕ್ಯಾಮೆರಾ ಜೊತೆಗೇ ಬರುವುದು), ಎಪಿಎಸ್-ಸಿ ಎಂಬ ಸಣ್ಣ ಅಳತೆಯ ಸೆನ್ಸರಿನ ಸಾಧಾರಣ ಕ್ಯಾಮೆರಾ ಮತ್ತು ಹಗುರವಾದ ಒಂದು ಟ್ರೈಪಾಡ್. ರಜೆಯ ದಿನ ತಿಂಡಿ ಮುಗಿಸಿ ಬಸ್ಸು ಹತ್ತಿದರೆ ಹತ್ತು ಗಂಟೆಯ ಸುಮಾರಿಗೆ ಚಿತ್ರದುರ್ಗದ ಕೋಟೆಯ ಬಾಗಿಲಲ್ಲಿರುತ್ತೇನೆ. ಏಕನಾಥೇಶ್ವರಿ ಗುಡಿಯ ಎದುರಿನ ಬಂಡೆಗಳನ್ನು ಕಣ್ಣಿನಿಂದ ನೋಡುವಾಗ ಮೈ ಜುಮ್ಮೆನ್ನುತ್ತದೆ; ಅದೇ ಬಂಡೆಗಳು ಚಿತ್ರದಲ್ಲಿ ಬೂದು ಬಣ್ಣದ ಗುಡ್ಡೆಗಳಂತೆ ಚಪ್ಪಟೆಯಾಗಿ ಬೀಳುತ್ತವೆ, ಮೇಲಿನ ಆಕಾಶವೋ ಬರಿಯ ಬಿಳಿ ಹಾಳೆ. ದಾವಣಗೆರೆಯ ಸುತ್ತಲಿನ ಗದ್ದೆಗಳದ್ದೂ ಇದೇ ಕಥೆ.

ಪರಿಚಯದವರು ಎರಡು ಮಾತು ಹೇಳುತ್ತಾರೆ. ಒಂದು, ನಮ್ಮ ಕಡೆ ತೆಗೆಯುವಂಥದ್ದೇನೂ ಇಲ್ಲ, ಚಿಕ್ಕಮಗಳೂರಿಗೋ ಸಕಲೇಶಪುರಕ್ಕೋ ಹೋಗಬೇಕು ಎಂಬುದು. ಇನ್ನೊಂದು, 10 ಎಂ.ಎಂ.ನಿಂದ ಶುರುವಾಗುವ ಅಗಲ ಲೆನ್ಸ್ ಕೊಳ್ಳದೆ ನಿಸರ್ಗದೃಶ್ಯ ಸಾಧ್ಯವಿಲ್ಲ ಎಂಬುದು. ಹಣ ಹಾಕುವ ಮೊದಲು ಅನುಭವಸ್ಥರ ಅಭಿಪ್ರಾಯ ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ಭೂಗೋಳದ ಮೇಷ್ಟ್ರು (ಚಿತ್ರದುರ್ಗ)

ಲೆನ್ಸನ್ನು ಸದ್ಯಕ್ಕೆ ಕೊಳ್ಳಬೇಡಿ. ನಿಮ್ಮ ತೊಂದರೆ ಇರುವುದು "ಹತ್ತು ಗಂಟೆಯ ಸುಮಾರಿಗೆ" ಎಂಬ ಮಾತಿನಲ್ಲಿ.

ಚಿತ್ರದುರ್ಗ ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದ ಸ್ವಲ್ಪ ಮೇಲೆ. ನಮ್ಮಲ್ಲಿ ಸೂರ್ಯ ಏರುವುದೂ ಇಳಿಯುವುದೂ ಹೆಚ್ಚುಕಡಿಮೆ ನೆಟ್ಟಗೆ. ದಿಗಂತದ ಹತ್ತಿರ ಒಂದು ಡಿಗ್ರಿ ಸರಿಯಲು ಅವನಿಗೆ ನಾಲ್ಕು ನಿಮಿಷದಷ್ಟು ಸಾಕು. ಹೀಗಾಗಿ ಬೆಳಗ್ಗೆ ಹತ್ತು ಗಂಟೆಗೆ ಡಿಸೆಂಬರಿನಲ್ಲಿಯೂ ಅವನು ಸುಮಾರು 40 ಡಿಗ್ರಿ ಎತ್ತರದಲ್ಲಿರುತ್ತಾನೆ, ಜೂನಿನಲ್ಲಿ 50ನ್ನೂ ದಾಟಿರುತ್ತಾನೆ. ಅಷ್ಟು ಮೇಲಿಂದ ಬೀಳುವ ಬೆಳಕಿನಲ್ಲಿ ಬಂಡೆಯ ನೆರಳು ಬಂಡೆಯ ಬುಡದಲ್ಲೇ ಅಡಗಿಕೊಳ್ಳುತ್ತದೆ. ದುಂಡಗಿನ ವಸ್ತು ದುಂಡಗೆ ಕಾಣಬೇಕಾದರೆ ಅದರ ಒಂದು ಮಗ್ಗುಲು ಬೆಳಗಿ, ಇನ್ನೊಂದು ಮಗ್ಗುಲು ಮೆಲ್ಲನೆ ಕಪ್ಪಾಗುತ್ತ ಹೋಗಬೇಕು. ನಮ್ಮ ಕೋಟೆಯ ಗ್ರಾನೈಟು ಸೀಳುಗಳ ಗುಂಟ ಶಿಥಿಲಗೊಂಡು, ಮೂಲೆಗಳು ಸವೆದು, ಪದರ ಪದರವಾಗಿ ಸಿಪ್ಪೆ ಬಿಟ್ಟು ದುಂಡಗಾದದ್ದು. ಅದರ ಸೊಗಸೆಲ್ಲ ಆ ದುಂಡಿನಲ್ಲಿಯೂ ಮೈಯ ತರಿಯಲ್ಲಿಯೂ ಇದೆ. ಜವಳಿ ಅಂಗಡಿಯಲ್ಲಿ ನೇಯ್ಗೆ ಪರೀಕ್ಷಿಸುವವರು ಬಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತಾರಲ್ಲ, ಕಲ್ಲಿನ ಮೈ ಕಾಣಿಸುವುದೂ ಹಾಗೆಯೇ. ಕೋಟೆಯೊಳಗೆ ಕಲ್ಲು ಸೀಳಲು ಬೆಣೆ ಬಡಿದ ಸಾಲು ಕುಳಿಗಳನ್ನು ನೀವು ನೋಡಿರಬಹುದು. ಹತ್ತು ಗಂಟೆಗೆ ಅವು ಚುಕ್ಕೆಗಳು. ಏಳು ಗಂಟೆಗೆ ಪ್ರತಿಯೊಂದು ಕುಳಿಯ ಒಂದು ಅಂಚು ಹೊಳೆದು, ಒಳಗೆ ಕಪ್ಪು ತುಂಬಿ, ನಿನ್ನೆ ಮೊನ್ನೆ ಕಡಿದಂತೆ ಕಾಣುತ್ತವೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಯೂಟ್ಯೂಬಿನಲ್ಲಿ ನಿಸರ್ಗದೃಶ್ಯ ಕಲಿಸುವವರಲ್ಲಿ ಬಹುಪಾಲು ಜನ ಬ್ರಿಟನ್, ನಾರ್ವೆ, ಕೆನಡಾ ಮೊದಲಾದ ಕಡೆಯವರು. ಲಂಡನ್ನಿನಲ್ಲಿ ಡಿಸೆಂಬರಿನ ನಡುಹಗಲಿಗೂ ಸೂರ್ಯ 15 ಡಿಗ್ರಿಗಿಂತ ಮೇಲೇಳುವುದಿಲ್ಲ; ಅಲ್ಲಿ ಚಳಿಗಾಲದ ಹಗಲೆಲ್ಲ ಓರೆ ಬೆಳಕೇ. ಅವರು "ಬಂಗಾರದ ಬೆಳಕಿನ ಒಂದು ಗಂಟೆ" ಎಂದು ಹೇಳುವುದನ್ನು ನಂಬಿ ದುರ್ಗದಲ್ಲಿ ನಿಂತರೆ ಮೋಸ ಹೋಗುತ್ತೇವೆ. ಸೂರ್ಯ 6 ಡಿಗ್ರಿ ಎತ್ತರಕ್ಕೆ ಬಂದಾಗಿನಿಂದ ಮುಳುಗುವವರೆಗೆ ನಮಗೆ ಸಿಗುವುದು ಸುಮಾರು 25 ನಿಮಿಷ. ಮುಳುಗಿದ ನಂತರದ ನೀಲಿ ಹೊತ್ತೂ ಅಷ್ಟೇ, ಇಪ್ಪತ್ತು ಇಪ್ಪತ್ತೆರಡು ನಿಮಿಷಗಳಲ್ಲಿ ಕತ್ತಲು. ಬೆಳಕು ಬಂದ ಮೇಲೆ ಜಾಗ ಹುಡುಕುವ ಪುರುಸೊತ್ತು ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲ. ಜಾಗವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ತಿರುಗಿ ಗೊತ್ತು ಮಾಡಿಕೊಂಡು, ಟ್ರೈಪಾಡ್ ಊರಿ, ಚೌಕಟ್ಟು ಕಟ್ಟಿಕೊಂಡು ಕಾಯಬೇಕು.

ದಿಕ್ಕಿನ ಲೆಕ್ಕ ಹೀಗಿದೆ. ಸೂರ್ಯ ನೇರ ಪೂರ್ವಕ್ಕೆ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ದಿನಗಳಲ್ಲಿ ಮಾತ್ರ. ಜೂನಿನಲ್ಲಿ ಪೂರ್ವದಿಂದ 24 ಡಿಗ್ರಿಯಷ್ಟು ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮೂರಿನಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ ಎಂಬುದು ಎಷ್ಟೋ ಜನರಿಗೆ ತಿಳಿಯದು. ಉತ್ತರಕ್ಕೆ ಮುಖ ಮಾಡಿದ ಬಂಡೆಯ ಗೋಡೆ ಡಿಸೆಂಬರಿನಲ್ಲಿ ದಿನವಿಡೀ ನೆರಳಿನಲ್ಲಿದ್ದು, ಜೂನಿನ ಬೆಳಗ್ಗೆಯೂ ಸಂಜೆಯೂ ಓರೆ ಬೆಳಕು ಪಡೆಯುತ್ತದೆ. ಒಂದೇ ಜಾಗಕ್ಕೆ ಎರಡು ಕಾಲದಲ್ಲಿ ಹೋದರೆ ಎರಡು ಬೇರೆ ಊರುಗಳು. ಸಾಮಾನ್ಯ ಸೂತ್ರವಾಗಿ, ಬೆಳಗ್ಗೆ ಮತ್ತು ಸಂಜೆ ಕ್ಯಾಮೆರಾವನ್ನು ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸಿದರೆ ಬೆಳಕು ಮಗ್ಗುಲಿನಿಂದ ಬರುತ್ತದೆ. ಎಲ್ಲರೂ ಸೂರ್ಯನ ಕಡೆಗೇ ಕ್ಯಾಮೆರಾ ಹಿಡಿದು ಸಾಲಾಗಿ ನಿಂತಿರುವಾಗ ನೀವು ಪಕ್ಕಕ್ಕೆ ತಿರುಗಿ ನಿಲ್ಲಿ.

ಹಳೇಪೇಟೆ ಸ್ಟುಡಿಯೋ (ದಾವಣಗೆರೆ)

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಸಹಮತವಿದೆ. ಕ್ಯಾಮೆರಾದ ಮಟ್ಟಿಗೆ ನಾಲ್ಕು ಮಾತು ಸೇರಿಸುತ್ತೇನೆ.

ಆಕಾಶ ಬೆಳ್ಳಗಾಗುವುದು ಕ್ಯಾಮೆರಾದ ದೋಷವಲ್ಲ. ಕಪ್ಪು ಬಂಡೆ ಚೌಕಟ್ಟಿನ ಬಹುಭಾಗ ತುಂಬಿದಾಗ ಬೆಳಕು ಅಳೆಯುವ ಮೀಟರು ಅದನ್ನು ಬೂದು ಮಾಡಲು ಸೆನ್ಸರಿಗೆ ಬೀಳುವ ಬೆಳಕನ್ನು, ಅಂದರೆ ಎಕ್ಸ್‌ಪೋಷರ್ ಹೆಚ್ಚಿಸುತ್ತದೆ, ಆಕಾಶ ಸುಟ್ಟುಹೋಗುತ್ತದೆ. ಸ್ಲೈಡ್ ಫಿಲಂ ಕಾಲದಲ್ಲಿ ನಮಗೆ ಕಪ್ಪಿನಿಂದ ಬಿಳಿಯವರೆಗೆ ಐದಾರು ಸ್ಟಾಪುಗಳ (ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ) ಅವಕಾಶವಷ್ಟೇ ಇತ್ತು. ಈಗಿನ ಸೆನ್ಸರುಗಳು ಬೆಳಕಿನ ಸಂವೇದನೆ ತಗ್ಗಿಸಿದಾಗ, ಅಂದರೆ ಕಡಿಮೆ ಐಎಸ್‌ಒದಲ್ಲಿ ಅದರ ಇಮ್ಮಡಿ ಹಿಡಿಯುತ್ತವೆ. ಆದರೆ ಆ ಲಾಭ ಸಿಗುವುದು ರಾ ಫೈಲಿನಲ್ಲಿ (ಸೆನ್ಸರು ಹಿಡಿದದ್ದನ್ನು ಸಂಸ್ಕರಿಸದೆ ಉಳಿಸುವ ಫೈಲು) ಮಾತ್ರ. ಐಎಸ್‌ಒ 100, ರಾ, ಹಿಸ್ಟೋಗ್ರಾಂ (ಚಿತ್ರದ ಕಪ್ಪು–ಬಿಳಿ ಹಂಚಿಕೆಯ ನಕ್ಷೆ; ಬಲಕ್ಕೆ ಬಿಳಿ) ಬಲ ಅಂಚಿಗೆ ಮುಟ್ಟಿ ಕತ್ತರಿಸಿಹೋಗದಂತೆ ಎಕ್ಸ್‌ಪೋಷರ್ ಇಳಿಸುವುದು, ಇಷ್ಟು ರೂಢಿ ಮಾಡಿಕೊಳ್ಳಿ. ನೆರಳಿನಲ್ಲಿ ಅಡಗಿದ್ದನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಮೋಡವನ್ನು ಯಾರಿಂದಲೂ ತರಲಾಗದು. ಬೆಳಕಿನ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಸಂಜೆಯ ಕೆಂಪನ್ನು ಕ್ಯಾಮೆರಾ ಸ್ವತಃ ತೊಳೆದುಹಾಕುವುದುಂಟು, ಡೇಲೈಟಿಗೆ ಹಾಕಿಬಿಡಿ.

ಎಲ್ಲವೂ ಸ್ಪಷ್ಟವಾಗಿರಲೆಂದು ಲೆನ್ಸಿನ ರಂಧ್ರವನ್ನು (ಅಪರ್ಚರ್) ಎಫ್ 22ಕ್ಕೆ ಕಿರಿದು ಮಾಡುವವರು ಬಹಳ. ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಚದುರಿ ಇಡೀ ಚಿತ್ರ ಮೆದುವಾಗುತ್ತದೆ. ನಿಮ್ಮ ಲೆನ್ಸಿನಲ್ಲಿ 18 ಎಂ.ಎಂ., ಎಫ್ 8 ಇಟ್ಟು ಸುಮಾರು ಎರಡು ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ ಒಂದು ಮೀಟರಿನಿಂದ ದಿಗಂತದವರೆಗೆ ಕಣ್ಣಿಗೆ ಒಪ್ಪುವಷ್ಟು ಸ್ಪಷ್ಟತೆ ಬರುತ್ತದೆ. ಇದು ಲೆಕ್ಕದ ಮಾತು, ಪುಸ್ತಕ ತೆಗೆದು ನೋಡಬಹುದು. 1932ರಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮತ್ತು ಜೊತೆಗಾರರು ಕಟ್ಟಿದ ಗುಂಪಿನ ಹೆಸರೇ ಎಫ್ 64. ಅದನ್ನು ಉದಾಹರಿಸಿ ನನ್ನೊಡನೆ ವಾದ ಮಾಡಿದವರಿದ್ದಾರೆ. ಆಡಮ್ಸರ ಫಿಲಂ ಅಂಗೈಗಿಂತ ದೊಡ್ಡದು, ನಮ್ಮ ಸೆನ್ಸರು ಅಂಚೆಚೀಟಿಯಷ್ಟು. ಆ ಸಂಖ್ಯೆಯನ್ನು ಇಲ್ಲಿಗೆ ಹೊತ್ತು ತರುವುದರಲ್ಲಿ ಅರ್ಥವಿಲ್ಲ.

ಟ್ರೈಪಾಡಿನ ಮೇಲೆ ಇಟ್ಟಾಗ ಲೆನ್ಸಿನ ಸ್ಥಿರೀಕರಣವನ್ನು ಆರಿಸಿ, ಎರಡು ಸೆಕೆಂಡಿನ ಟೈಮರ್ ಬಳಸಿ. ನಮ್ಮ ಗಾಳಿಗೆ ಹಗುರ ಟ್ರೈಪಾಡ್ ನಡುಗುತ್ತದೆ, ಬ್ಯಾಗನ್ನು ಅದರ ನಡುಗಂಬಕ್ಕೆ ತೂಗುಹಾಕಿ.

ಆನಗೋಡು ದಾರಿಹೋಕ

ಮೇಷ್ಟ್ರೇ, ಸ್ಟುಡಿಯೋ ಅಣ್ಣಾ, ಇಬ್ಬರಿಗೂ ಕೃತಜ್ಞತೆಗಳು. ಇಳಿಸಿದ ಎಕ್ಸ್‌ಪೋಷರಿನಲ್ಲಿ ನೆರಳು ತೀರಾ ಕಪ್ಪಾದರೆ ಏನು ಮಾಡಬೇಕು? ಮೇಲರ್ಧ ಕಪ್ಪು, ಕೆಳಗರ್ಧ ಪಾರದರ್ಶಕವಾಗಿರುವ ಗ್ರಾಜುಯೇಟೆಡ್ ಫಿಲ್ಟರ್ ಕೊಳ್ಳಬೇಕೆ? ಇನ್ನು ಅಗಲ ಲೆನ್ಸ್ ಬೇಡವೆನ್ನಲು ಕಾರಣವನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಮೊಬೈಲಿನಲ್ಲೇ ತೆಗೆಯುವವಳು (ಚಿತ್ರದುರ್ಗ)

ಅಣ್ಣಾ, ಅಗಲ ಲೆನ್ಸಿನ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಮೊಬೈಲ್ ಕೊಂಡವರೆಲ್ಲ ಇದೇ ಗುಂಡಿಗೆ ಬೀಳುತ್ತಾರೆ. ಫೋನಿನಲ್ಲಿ 0.5 ಎಂದು ಬರೆದಿರುವ ಗುಂಡಿ ಒತ್ತಿದೊಡನೆ ಎಲ್ಲವೂ ಚೌಕಟ್ಟಿನೊಳಗೆ ಬರುತ್ತದೆ. ಬಂದದ್ದೆಲ್ಲ ಚಿಕ್ಕದಾಗಿ ಬರುತ್ತದೆ, ಅದೇ ತೊಂದರೆ. ನಗರದ ರಸ್ತೆಯಿಂದ ನೋಡುವಾಗ ತಲೆಯ ಮೇಲೆ ಎದ್ದು ನಿಂತಂತಿರುವ ಕೋಟೆಯ ಬೆಟ್ಟ ಆ ಚಿತ್ರದಲ್ಲಿ ಮಣ್ಣಿನ ದಿಬ್ಬವಾಗುತ್ತದೆ, ಮುಂದಿನ ಡಾಂಬರು ರಸ್ತೆ ಮುಕ್ಕಾಲು ಪಾಲು ಆವರಿಸುತ್ತದೆ. ಅಗಲ ಲೆನ್ಸ್ ಬೇಕಾಗುವುದು ಕಾಲಬುಡದಲ್ಲಿಯೇ ಹೇಳಿಕೊಳ್ಳುವಂಥ ಮುನ್ನೆಲೆ ಇದ್ದಾಗ ಮಾತ್ರ. ಬೆಟ್ಟ ಬೆಟ್ಟದಂತೆ ಕಾಣಬೇಕಾದರೆ ಹಿಂದಕ್ಕೆ, ಬಹಳ ಹಿಂದಕ್ಕೆ ಹೋಗಿ, ನಿಮ್ಮ ಲೆನ್ಸನ್ನು 55ಕ್ಕೆ ಎಳೆಯಿರಿ. ಮನೆಗಳ ಸಾಲಿನ ಹಿಂದೆ ಬಂಡೆಗಳು ಒಂದರ ಮೇಲೊಂದು ಏರಿ ನಿಂತಿರುವುದು ಆಗ ಕಾಣುತ್ತದೆ.

ಫೋನಿನವರಿಗೆ ಮುಖ್ಯವಾದದ್ದು ಒಂದೇ ಕೆಲಸ. ಪರದೆಯ ಮೇಲೆ ಆಕಾಶದ ಹೊಳೆಯುವ ಭಾಗವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಫೋಕಸ್ ಮತ್ತು ಎಕ್ಸ್‌ಪೋಷರ್ ಬದಲಾಗದಂತೆ ಲಾಕ್ ಆಗುತ್ತವೆ. ನಂತರ ಬೆರಳನ್ನು ಕೆಳಗೆ ಎಳೆದು ಬೆಳಕು ತಗ್ಗಿಸಿ. ಹಾಗೆಯೇ ಬಿಟ್ಟರೆ ಫೋನು ತಾನೇ ಹಲವು ಚಿತ್ರಗಳನ್ನು ಬೆರೆಸಿ, ಇದ್ದ ನೆರಳನ್ನೆಲ್ಲ ಎತ್ತಿ, ಏಳು ಗಂಟೆಯ ಬಂಡೆಯನ್ನೂ ಹತ್ತು ಗಂಟೆಯ ಬಂಡೆಯಂತೆ ಚಪ್ಪಟೆ ಮಾಡಿ ಕೊಡುತ್ತದೆ. ಲೆನ್ಸಿನ ಮೇಲಿನ ಬೆರಳಚ್ಚನ್ನು ಒರೆಸುವುದನ್ನೂ ಮರೆಯಬಾರದು. ಎದುರು ಬೆಳಕಿನಲ್ಲಿ ಚಿತ್ರ ಮಂಜಾಗಲು ಬಹುಸಲ ಅದೇ ಕಾರಣ.

ಹಿರಿಯೂರು ಹೊಲದಂಚು

ನಾನು ರೈತ. ಬೆಳಕಿನ ಲೆಕ್ಕ ಮೇಷ್ಟ್ರು ಹೇಳಿಯಾಯಿತು, ಮೋಡದ ಲೆಕ್ಕ ನಮ್ಮದು. ದೃಶ್ಯ ತೆಗೆಯುವವರು ಪಂಚಾಂಗದ ಮಳೆ ನಕ್ಷತ್ರಗಳನ್ನು ನೋಡುವುದು ಒಳ್ಳೆಯದು, ಏಕೆಂದರೆ ಒಂದೊಂದು ಮಳೆಗೂ ಒಂದೊಂದು ಬಗೆಯ ಆಕಾಶವಿದೆ.

ಜೂನ್ ಮೂರನೆಯ ವಾರದ ಹೊತ್ತಿಗೆ ಬರುವ ಆರಿದ್ರೆಯಿಂದ ಪುಷ್ಯದವರೆಗೆ ನಮ್ಮ ಪೂರ್ವದ ತಾಲ್ಲೂಕುಗಳಲ್ಲಿ ಗಾಳಿ ಜಾಸ್ತಿ, ಮಳೆ ಕಡಿಮೆ. ಘಟ್ಟದಲ್ಲಿ ಮಳೆ ಸುರಿಸಿ ಹಗುರಾದ ಮೋಡಗಳು ಪಡುವಣದಿಂದ ಓಡುತ್ತ ಬರುತ್ತವೆ. ಹೊರಗಿನವರು ಮೋಡ ಮುಚ್ಚಿದೆಯೆಂದು ಮನೆಯಲ್ಲೇ ಕೂರುವ ಈ ದಿನಗಳಲ್ಲಿ ನಡುಹಗಲಿಗೂ ಚಿತ್ರ ಸಿಗುತ್ತದೆ. ಮೋಡದ ನೆರಳು ಬಯಲಿನ ಮೇಲೆ ಹರಿದುಹೋಗುವಾಗ ಒಂದು ಹೊಲ ಬೆಳಗಿ, ಹಿಂದಿನ ಗುಡ್ಡ ಕಪ್ಪಾಗಿ, ಅರೆಕ್ಷಣದಲ್ಲಿ ಅದು ತಿರುವುಮುರುವಾಗುತ್ತದೆ. ಕ್ಯಾಮೆರಾ ಒಂದೆಡೆ ನಿಲ್ಲಿಸಿ, ನಿಮಗೆ ಬೇಕಾದ ವಸ್ತುವಿನ ಮೇಲೆ ಬಿಸಿಲು ಬೀಳುವವರೆಗೆ ಕಾಯುವುದಷ್ಟೇ ಕೆಲಸ.

ಸೆಪ್ಟೆಂಬರ್ ನಡುವಿನ ಉತ್ತರೆಯಿಂದ ಹಸ್ತ, ಚಿತ್ತೆ ಮುಗಿಯುವ ಅಕ್ಟೋಬರ್ ಕೊನೆಯವರೆಗೆ ಕಥೆಯೇ ಬೇರೆ. ಹಗಲೆಲ್ಲ ಬಿಸಿಲು ಕಾಯಿಸಿ, ಮಧ್ಯಾಹ್ನ ಮೂರರ ನಂತರ ಮೋಡ ಗೋಪುರದಂತೆ ಎದ್ದು, ಸಂಜೆ ಗುಡುಗು ಮಳೆ. ಮಳೆ ನಿಂತೊಡನೆ ಪಡುವಣದ ಅಂಚು ತೆರೆದುಕೊಂಡರೆ, ತೊಳೆದ ಗಾಳಿಯಲ್ಲಿ ಓರೆ ಬೆಳಕು ಬಂದು ಮೂಡಣದ ಕರಿಮೋಡಕ್ಕೆ ಬಡಿಯುತ್ತದೆ. ಆಗ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಕಾಮನಬಿಲ್ಲು ಕಾಣುವುದೂ ಆ ಕಡೆಯೇ, ಅದೂ ಸೂರ್ಯ 42 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ. ಮಾರ್ಚ್‌ನಿಂದ ಮೇ ತನಕ ದೂಳಿನ ಮಬ್ಬು. ದೂರದ ಗುಡ್ಡಗಳನ್ನು ಸ್ಪಷ್ಟವಾಗಿ ತೆಗೆಯುವ ಆಸೆ ಬಿಡಬೇಕು. ಆದರೆ ಸೂರ್ಯನಿಗೆ ಎದುರಾಗಿ ನೋಡಿದರೆ ಅದೇ ಮಬ್ಬು ಗುಡ್ಡದ ಸಾಲುಗಳನ್ನು ಒಂದಕ್ಕಿಂತ ಒಂದು ತಿಳಿಯಾದ ಪದರಗಳಾಗಿ ಬಿಡಿಸಿ ಇಡುತ್ತದೆ.

ಎಚ್ಚರಿಕೆಯ ಮಾತೊಂದು. ಹಸ್ತ ಚಿತ್ತೆಯ ಸಿಡಿಲು ಕೆಟ್ಟದ್ದು. ಗುಡುಗು ಕೇಳಿಸಿದ ಮೇಲೆ ಬೋಳು ಬಂಡೆಯ ನೆತ್ತಿಯಲ್ಲಾಗಲಿ ಬಯಲಿನ ಒಂಟಿ ಮರದಡಿಯಲ್ಲಾಗಲಿ ನಿಲ್ಲಬೇಡಿ, ಯಾವ ಚಿತ್ರವೂ ಅದಕ್ಕೆ ಬೆಲೆಯಲ್ಲ.

ಸೂರ್ಯಕಾಂತಿ ಹೊಲಕ್ಕೆ ಸಂಜೆ ಬಂದು, ಹೂವೆಲ್ಲ ಬೆನ್ನು ತಿರುಗಿಸಿವೆ ಎಂದು ದೂರುವವರನ್ನು ನೋಡಿದ್ದೇನೆ. ಎಳೆಯ ಮೊಗ್ಗು ಸೂರ್ಯನ ಜೊತೆ ತಿರುಗುತ್ತದೆ, ಅರಳಿ ಬಲಿತ ಹೂವು ಮೂಡಣಕ್ಕೇ ಮುಖ ಮಾಡಿ ನಿಂತುಬಿಡುತ್ತದೆ. ಬೆಳಗ್ಗೆ ಬನ್ನಿ, ಬರುವ ಮೊದಲು ಹೊಲದವರನ್ನು ಒಂದು ಮಾತು ಕೇಳಿ.

ಸೂಳೆಕೆರೆ ಏರಿ (ಚನ್ನಗಿರಿ)

ನೀರಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ದಾವಣಗೆರೆ ಸುತ್ತ ಭದ್ರಾ ನಾಲೆಯ ಗದ್ದೆಗಳಿಗೆ ವರ್ಷಕ್ಕೆ ಎರಡು ಸಲ ನೀರು ಕಟ್ಟುತ್ತಾರೆ, ಮಳೆಗಾಲದ ಬೆಳೆಗೆ ಜುಲೈ ಆಗಸ್ಟಿನಲ್ಲಿ, ಬೇಸಿಗೆ ಬೆಳೆಗೆ ಜನವರಿ ಫೆಬ್ರವರಿಯಲ್ಲಿ. ಕೆಸರು ಹದ ಮಾಡಿ ನಾಟಿಗೆ ಬಿಟ್ಟಿರುವ ಆ ಕೆಲವೇ ದಿನ ಇಡೀ ಬಯಲು ಕನ್ನಡಿಯಾಗಿರುತ್ತದೆ. ಪೈರು ಎದ್ದ ಮೇಲೆ ಅದು ಇಲ್ಲ. ಪ್ರಶ್ನೆ ಕೇಳಿದವರು ಆನಗೋಡು ದಾರಿಯಲ್ಲಿ ಓಡಾಡುವವರಾದರೆ ಚಿಕ್ಕಮಗಳೂರಿಗೆ ಏಕೆ ಹೋಗಬೇಕು?

ಪ್ರತಿಬಿಂಬ ಬೇಕಾದರೆ ಕ್ಯಾಮೆರಾವನ್ನು ಬದುವಿನ ಮಟ್ಟಕ್ಕೆ ಇಳಿಸಿ. ನೀರನ್ನು ಎಷ್ಟು ಓರೆಯಾಗಿ ನೋಡುತ್ತೇವೋ ಅಷ್ಟು ಪ್ರತಿಬಿಂಬ ಗಾಢ. ಎತ್ತರದಿಂದ ನೋಡಿದರೆ ಕೆಸರು ಕಾಣುತ್ತದೆ. ಬೆಳಗ್ಗೆ ಗಾಳಿ ಏಳುವ ಮೊದಲೇ ಕೆಲಸ ಮುಗಿಯಬೇಕು. ಹೊಳಪು ಕಳೆಯುವ ಪೋಲರೈಸರ್ ಫಿಲ್ಟರ್ ಕೊಂಡವರು ಅದನ್ನು ಎಲ್ಲ ಕಡೆಯೂ ತಿರುಗಿಸುತ್ತ ಕೂರುತ್ತಾರೆ. ಒದ್ದೆ ಎಲೆ, ಅಡಿಕೆ ತೋಟದ ಹಸಿರು ಇವುಗಳ ಮೇಲಿನ ಬಿಳಿ ಹೊಳಪನ್ನು ತೆಗೆಯಲು ಅದರಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ, ಆದರೆ ನಿಮಗೆ ಬೇಕಾದ ಪ್ರತಿಬಿಂಬವನ್ನೂ ಅದು ಅಷ್ಟೇ ನಿಷ್ಠೆಯಿಂದ ಅಳಿಸಿಹಾಕುತ್ತದೆ. ಆಕಾಶದ ನೀಲಿಯನ್ನು ಅದು ಗಾಢ ಮಾಡುವುದು ಸೂರ್ಯನಿಂದ 90 ಡಿಗ್ರಿ ದಿಕ್ಕಿನಲ್ಲಿ ಮಾತ್ರ, 18 ಎಂ.ಎಂ.ನಲ್ಲಿ ಬಳಸಿದರೆ ಆಕಾಶದ ಒಂದು ಪಕ್ಕ ಕಡುನೀಲಿಯಾಗಿ, ಇನ್ನೊಂದು ಪಕ್ಕ ಬಿಳಿಚಿಕೊಂಡು ವಿಕಾರವಾಗುತ್ತದೆ.

ನಮ್ಮ ಸೂಳೆಕೆರೆಯ ಏರಿ ಎರಡು ಗುಡ್ಡಗಳನ್ನು ಬೆಸೆದಿರುವುದು ಕೆರೆಯ ಉತ್ತರದ ತುದಿಯಲ್ಲಿ. ತೂಬಿನ ಕೆಳಗೆ ಹರಿದ್ರಾ ಹಳ್ಳ ಹರಿಹರದ ಕಡೆಗೆ ಹರಿಯುತ್ತದೆ. ಏರಿಯ ಮೇಲೆ ನಿಂತು ನೀರಿನತ್ತ ನೋಡಿದರೆ ಮುಖ ದಕ್ಷಿಣಕ್ಕಿರುತ್ತದೆ, ಅಂದರೆ ಮೇಷ್ಟ್ರು ಹೇಳಿದ ಮಗ್ಗುಲ ಬೆಳಕು ಬೆಳಗ್ಗೆ ಎಡದಿಂದಲೂ ಸಂಜೆ ಬಲದಿಂದಲೂ ತಾನಾಗಿಯೇ ಒದಗುತ್ತದೆ. ಇಲ್ಲಿ ನೀರು ಅಗಾಧ, ಆಕಾಶ ಅಗಾಧ, ನಡುವೆ ಹಿಡಿಯಲು ಏನೂ ಇಲ್ಲದೆ ಚಿತ್ರ ಖಾಲಿಯಾಗುವ ಅಪಾಯವಿದೆ. ಮೀನು ಹಿಡಿಯುವವರ ಒಂದು ತೆಪ್ಪ ದೂರದಲ್ಲಿ ಹಾದುಹೋಗುವವರೆಗೆ ಕಾಯಿರಿ. ಆ ಚುಕ್ಕೆಯಿಂದಲೇ ಕೆರೆ ಎಷ್ಟು ದೊಡ್ಡದೆಂಬುದು ನೋಡುವವರಿಗೆ ತಿಳಿಯುತ್ತದೆ.

ಹಳೇಪೇಟೆ ಸ್ಟುಡಿಯೋ

ಫಿಲ್ಟರಿನ ಪ್ರಶ್ನೆ ಬಾಕಿ ಉಳಿಯಿತು. ಗ್ರಾಜುಯೇಟೆಡ್ ಫಿಲ್ಟರ್ ಕೊಳ್ಳಿ ಎಂದೇ ನನ್ನ ಸಲಹೆ. ಮೂರು ಸ್ಟಾಪಿನದು ಒಂದಿದ್ದರೆ ಸಾಕು. ಸ್ಥಳದಲ್ಲೇ ಒಂದೇ ಚಿತ್ರದಲ್ಲಿ ಕೆಲಸ ಮುಗಿಯುತ್ತದೆ, ರಾತ್ರಿ ಕಂಪ್ಯೂಟರ್ ಮುಂದೆ ಕೂರುವುದು ತಪ್ಪುತ್ತದೆ.

ಭೂಗೋಳದ ಮೇಷ್ಟ್ರು

ಸ್ಟುಡಿಯೋದವರ ಮಾತು ದಾವಣಗೆರೆಯ ಗದ್ದೆಗೆ ಸರಿ, ದುರ್ಗದ ಬೆಟ್ಟಕ್ಕೆ ಸರಿಯಲ್ಲ. ಆ ಫಿಲ್ಟರಿನ ಗಡಿರೇಖೆ ನೇರವಾಗಿರುತ್ತದೆ. ಗದ್ದೆಯ ದಿಗಂತವೂ ನೇರ, ಆದ್ದರಿಂದ ಹೊಂದಿಕೊಳ್ಳುತ್ತದೆ. ಕೋಟೆಯಲ್ಲಿ ದಿಗಂತವೆಂಬುದು ಬಂಡೆ, ಬತೇರಿ, ಕೊತ್ತಲಗಳ ಏರಿಳಿತ. ಫಿಲ್ಟರು ಆಕಾಶದ ಜೊತೆಗೆ ಬಂಡೆಯ ತಲೆಯನ್ನೂ ಕಪ್ಪು ಮಾಡುತ್ತದೆ. ಅಲ್ಲಿ ಟ್ರೈಪಾಡಿನ ಮೇಲೆ ಎರಡೆರಡು ಸ್ಟಾಪಿನ ಅಂತರದಲ್ಲಿ ಮೂರು ಚಿತ್ರ ತೆಗೆದು ಆಮೇಲೆ ಜೋಡಿಸುವುದು ಉತ್ತಮ.

ಆದರೆ ಟ್ರೈಪಾಡ್ ಎಂದೊಡನೆ ನಿಯಮವೂ ಹೇಳಬೇಕು. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಟ್ರೈಪಾಡ್ ಊರಲು ಮೊದಲೇ ಅನುಮತಿ ಪಡೆಯಬೇಕು, ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ, ಮುಚ್ಚುವ ವೇಳೆಯ ನಂತರ ಒಳಗೆ ಉಳಿಯುವಂತಿಲ್ಲ. ಆದ್ದರಿಂದ ಒಳಗೆ ಕೈಯಲ್ಲಿ ಹಿಡಿದೇ ತೆಗೆಯುವ ಅಭ್ಯಾಸವಿರಲಿ: ಗೋಡೆಗೆ ಒರಗಿ ನಿಂತು, ಐಎಸ್‌ಒ 400ಕ್ಕೆ ಏರಿಸಿ, ಶಟರನ್ನು ನಿರಂತರ ಕ್ರಮಕ್ಕೆ ಹಾಕಿ ಮೂರನ್ನೂ ಒಂದೇ ಉಸಿರಿಗೆ ತೆಗೆದರೆ ಜೋಡಣೆಗೆ ಸಾಕಾಗುತ್ತದೆ. ಅಲ್ಲಿನ ಕೋತಿಗಳು ಲೆನ್ಸ್ ಮುಚ್ಚಳವನ್ನು ತಿನ್ನುವ ಪದಾರ್ಥವೆಂದೇ ತಿಳಿದಿವೆ, ಅದನ್ನು ಜೇಬಿನಲ್ಲಿಡಿ.

ಸೂರ್ಯ ಬಂಡೆಯ ಅಂಚಿನಲ್ಲಿ ಅರ್ಧ ಮರೆಯಾಗಿರುವಾಗ ಎಫ್ 16 ಇಟ್ಟರೆ ಕಿರಣಗಳು ನಕ್ಷತ್ರದಂತೆ ಚಾಚಿಕೊಳ್ಳುತ್ತವೆ. ಅಪರ್ಚರಿನ ಎಸಳು ಸಮಸಂಖ್ಯೆಯಾದರೆ ಅಷ್ಟೇ ಕಿರಣ, ಬೆಸವಾದರೆ ಇಮ್ಮಡಿ. ಏಳೆಸಳಿನ ಲೆನ್ಸಿನಲ್ಲಿ 14. ಎಫ್ 22ರ ಬಗ್ಗೆ ಸ್ಟುಡಿಯೋದವರು ಹೇಳಿದ ಎಚ್ಚರಿಕೆಯನ್ನು ಎಫ್ 16ರಲ್ಲಿ ತುಸು ಸಡಿಲಿಸಬಹುದಾದ ಸಂದರ್ಭ ಇದೊಂದೇ.

ಚಂದ್ರವಳ್ಳಿಗೆ ಬೇರೆ ಲೆಕ್ಕ ಬೇಕು. ಅದು ಬೆಟ್ಟಗಳ ನಡುವಿನ ಕಣಿವೆಯಾದ್ದರಿಂದ ಬಿಸಿಲು ತಡವಾಗಿ ಇಳಿದು ಬೇಗ ಏರಿಹೋಗುತ್ತದೆ. ಊರಿನ ಸೂರ್ಯೋದಯದ ವೇಳೆ ನೋಡಿಕೊಂಡು ಹೋದರೆ ನೆರಳಿನಲ್ಲಿ ಕೂರಬೇಕಾಗುತ್ತದೆ. ಆದರೆ ಆ ನೆರಳಿನಲ್ಲೇ ಒಂದು ಲಾಭವಿದೆ: ಕೆರೆ ನೆರಳಿನಲ್ಲಿದ್ದು ಮೇಲಿನ ಬಂಡೆಗೆ ಬಿಸಿಲು ತಗುಲಿದಾಗ ನೀರಿನ ಕಪ್ಪಿನಲ್ಲಿ ಬಂಡೆಯ ಕೆಂಪು ಬಹಳ ಚೆನ್ನಾಗಿ ಮೂಡುತ್ತದೆ. ಮಯೂರಶರ್ಮನ ಶಾಸನ ಅಲ್ಲಿ ಒಂದು ಕೆರೆ ಕಟ್ಟಿಸಿದ ಸಂಗತಿಯನ್ನೇ ಹೇಳುತ್ತದೆ, ಆದ್ದರಿಂದ ಆ ಕಣಿವೆಯ ಚಿತ್ರದಲ್ಲಿ ನೀರು ಇರಲೇಬೇಕೆಂಬುದು ನನ್ನ ಹಟ.

ಮೊಬೈಲಿನಲ್ಲೇ ತೆಗೆಯುವವಳು

ಗಾಳಿಯಂತ್ರಗಳ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯವೇನು? ಜೋಗಿಮಟ್ಟಿಯ ದಿಕ್ಕಿಗಾಗಲಿ ಹೆದ್ದಾರಿಯ ಗುಡ್ಡಗಳ ಕಡೆಗಾಗಲಿ ನೋಡಿದರೆ ಅವು ಚೌಕಟ್ಟಿನೊಳಗೆ ಬಂದೇ ಬರುತ್ತವೆ. ಕೆಲವರು ಕಂಪ್ಯೂಟರಿನಲ್ಲಿ ಅಳಿಸಿಹಾಕುತ್ತಾರೆ.

ಹಳೇಪೇಟೆ ಸ್ಟುಡಿಯೋ

ಅಳಿಸಬಾರದಮ್ಮ. ಈಗಿನ ಚಿತ್ರದುರ್ಗದ ಗುಡ್ಡ ಅಂದರೆ ಗಾಳಿಯಂತ್ರ ಸಹಿತವಾದ ಗುಡ್ಡ. ಬಣ್ಣ ತಿದ್ದುವುದು, ದಿಗಂತ ನೆಟ್ಟಗೆ ಮಾಡುವುದು, ಸೆನ್ಸರಿನ ದೂಳಿನ ಚುಕ್ಕೆ ಒರೆಸುವುದು ನಾವೂ ಮಾಡುತ್ತೇವೆ. ಇದ್ದದ್ದನ್ನು ಕೀಳುವುದು, ಇಲ್ಲದ ಆಕಾಶ ತಂದು ಅಂಟಿಸುವುದು ಬೇರೆ ಕಸುಬು. ಬೇಡವಾದದ್ದು ಬಾರದಂತೆ ಎರಡು ಹೆಜ್ಜೆ ಸರಿದು ನಿಲ್ಲಲು ಯಾರ ಅಡ್ಡಿಯೂ ಇಲ್ಲ. ವಿದ್ಯುತ್ ತಂತಿಗೂ ಅದೇ ಮದ್ದು.

ಅವುಗಳನ್ನೇ ವಿಷಯ ಮಾಡಿಕೊಳ್ಳುವುದಾದರೆ ಶಟರ್ ವೇಗ ಯೋಚಿಸಬೇಕು. ದೊಡ್ಡ ಯಂತ್ರ ನಿಮಿಷಕ್ಕೆ ಹದಿನೈದಿಪ್ಪತ್ತು ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ, ಅರ್ಧ ಸೆಕೆಂಡಿನಲ್ಲಿ ರೆಕ್ಕೆ 45ರಿಂದ 60 ಡಿಗ್ರಿ ಸರಿದು ಬೀಸಣಿಗೆಯಂತೆ ಹರಡುತ್ತದೆ. ಹಗಲಿನಲ್ಲಿ ಅಷ್ಟು ಹೊತ್ತು ತೆರೆದಿಡಲು ಬೆಳಕು ತಗ್ಗಿಸುವ ಕಪ್ಪು ಎನ್‌ಡಿ ಫಿಲ್ಟರ್ ಬೇಕು. ಸೂರ್ಯ ಮುಳುಗಿ ಹತ್ತು ನಿಮಿಷವಾದ ಮೇಲೆ ಅದರ ಅಗತ್ಯವೇ ಇಲ್ಲ.

ಆನಗೋಡು ದಾರಿಹೋಕ

ಲೆನ್ಸ್ ಕೊಳ್ಳುವುದನ್ನು ಕೈಬಿಟ್ಟಿದ್ದೇನೆ. ಡಿಸೆಂಬರಿನಲ್ಲಿ ಹಿಂದಿನ ದಿನವೇ ಚಿತ್ರದುರ್ಗಕ್ಕೆ ಬಂದು ತಂಗಿ, ಸೂರ್ಯೋದಯಕ್ಕೆ ಮೊದಲೇ ಜಾಗ ಹಿಡಿಯಬೇಕೆಂದಿದ್ದೇನೆ. ಕೋಟೆಯ ಹೊರಗಿನಿಂದ, ಟ್ರೈಪಾಡ್ ಸಹಿತ, ಊರಿನ ಕಡೆಯ ಬಂಡೆಗಳನ್ನು ತೆಗೆಯುವುದಾದರೆ ಎಲ್ಲಿ ನಿಲ್ಲಬೇಕು?

ಭೂಗೋಳದ ಮೇಷ್ಟ್ರು

ಕೋಟೆಯ ಬೆಟ್ಟ ಊರಿನ ಪಶ್ಚಿಮಕ್ಕೂ ನೈರುತ್ಯಕ್ಕೂ ಹಬ್ಬಿದೆ, ಆದ್ದರಿಂದ ಊರಿಗೆ ಕಾಣುವ ಮುಖಕ್ಕೆ ಬೆಳಗಿನ ಬಿಸಿಲು. ಡಿಸೆಂಬರಿನಲ್ಲಿ ಸೂರ್ಯ ಆಗ್ನೇಯದ ಕಡೆಗೆ ಸರಿದು ಹುಟ್ಟುತ್ತಾನೆ. ನೀವು ಬೆಟ್ಟಕ್ಕೆ ನೇರ ಪೂರ್ವದಲ್ಲಿ ನಿಂತರೆ ಬೆಳಕು ಬೆನ್ನ ಹಿಂದಿನಿಂದ ಬಂದು ಬಂಡೆಗಳನ್ನು ಮತ್ತೆ ಚಪ್ಪಟೆ ಮಾಡುತ್ತದೆ. ಊರಿನ ಉತ್ತರದ ಭಾಗಕ್ಕೆ ಸರಿದು ದಕ್ಷಿಣ–ನೈರುತ್ಯಕ್ಕೆ ಮುಖ ಮಾಡಿ ನಿಂತರೆ ಅದೇ ಬೆಳಕು ಎಡಮಗ್ಗುಲಿನಿಂದ ಬರುತ್ತದೆ. ಸೂರ್ಯೋದಯ ಆರೂವರೆಯ ನಂತರ. ಆರಕ್ಕೆ ಟ್ರೈಪಾಡ್ ಊರಿರಿ, 55 ಎಂ.ಎಂ., ಎಫ್ 8, ಡೇಲೈಟ್. ಮಹಡಿಯ ಮೇಲಿಂದ ತೆಗೆಯಲು ಮನೆಯವರು ಒಪ್ಪಿದರೆ ತಂತಿಗಳ ಕಾಟ ಇರುವುದಿಲ್ಲ. ಏಳು ಗಂಟೆಯ ನಂತರವೂ ಅಲ್ಲೇ ನಿಂತಿರಬೇಡಿ, ಟಿಕೆಟ್ ತೆಗೆದುಕೊಂಡು ಒಳಗೆ ಬನ್ನಿ. ಬೆಣೆಯ ಕುಳಿಗಳಿಗೆ ಇನ್ನೂ ಅರ್ಧ ಗಂಟೆಯ ಬೆಳಕು ಉಳಿದಿರುತ್ತದೆ.